ಅತ್ತೆಯ ಆತ್ಮಕಥೆಯ ಹನ್ನೊಂದನೆಯ ಅಧ್ಯಾಯ

ತೂಕ ಮತ್ತು ಅಳತೆ ಕಚೇರಿಯ ಗುಮಾಸ್ತರು ಆ ಬುಧವಾರ ಹೊಟ್ಟೆನೋವೆಂದು ರಜೆ ಚೀಟಿ ಕಳಿಸಿ ಮನೆಯಲ್ಲೇ ಉಳಿದರು. ನಿಜ ಹೇಳಬೇಕೆಂದರೆ ಹೊಟ್ಟೆಯಲ್ಲಿ ನೋವೇನೂ ಇರಲಿಲ್ಲ. ಆದರೆ ಸಂಜೆ ನಾಲ್ಕು ಗಂಟೆಯೊಳಗೆ ಅಂದುಕೊಂಡ ಕೆಲಸ ಆಗದಿದ್ದರೆ ನೋವು ಬರುವುದು ಖಂಡಿತವಾಗಿದ್ದರಿಂದ, ಮುಂಗಡವಾಗಿ ತಿಳಿಸಿದರೆ ತಪ್ಪೇನು ಎಂದು ತಮ್ಮಷ್ಟಕ್ಕೆ ತಾವೇ ಸಮಾಧಾನ ಹೇಳಿಕೊಂಡರು.

ಸಂಗತಿ ಇಷ್ಟೇ. ಅವರ ಅತ್ತೆ, ಅಂದರೆ ಹೆಂಡತಿಯ ತಾಯಿ, ಮೂವತ್ತಮೂರು ವರ್ಷ ಹೆಣ್ಣುಮಕ್ಕಳ ಶಾಲೆಯನ್ನು ಆಳಿ ನಿವೃತ್ತರಾದ ಮುಖ್ಯೋಪಾಧ್ಯಾಯಿನಿ. ಎರಡು ವರ್ಷದಿಂದ ಮಗಳ ಮನೆಯ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ತಮ್ಮ ಆತ್ಮಕಥೆ ಬರೆಯುತ್ತಿದ್ದರು. ಹನ್ನೆರಡು ಅಧ್ಯಾಯ ಮುಗಿದಿತ್ತು. ಬುಧವಾರ ನಾಲ್ಕು ಗಂಟೆಗೆ ಪ್ರೆಸ್ಸಿನ ಮಾಲೀಕರು ಬಂದು ಅದನ್ನು ಅಚ್ಚಿಗೆ ಒಯ್ಯುವುದೆಂದು ನಿಶ್ಚಯವಾಗಿತ್ತು. ಇದೆಲ್ಲ ಸಂತೋಷದ ಸಮಾಚಾರವೇ. ಆದರೆ ಹಿಂದಿನ ದಿನ ಊಟಕ್ಕೆ ಕೂತಾಗ ಹೆಂಡತಿ ಒಂದು ಮಾತು ಬಾಯಿ ತಪ್ಪಿ ಆಡಿಬಿಟ್ಟಿದ್ದಳು.

"ಹನ್ನೊಂದನೇ ಅಧ್ಯಾಯ ಪೂರ್ತಿ ನಿಮ್ಮ ಬಗ್ಗೇನೇ ಅಂತೆ ರೀ."

ಗುಮಾಸ್ತರಿಗೆ ಮೊದಲು ಎದೆಯುಬ್ಬಿತು. "ಹೌದಾ? ಏನು ಹೆಸರು ಅಧ್ಯಾಯಕ್ಕೆ?"

"ನನ್ನ ಅಳಿಯ ಮತ್ತು ಇತರ ಉಪಕರಣಗಳು."

ಆ 'ಇತರ' ಎಂಬ ಮೂರಕ್ಷರ ಕೇಳಿ ಗುಮಾಸ್ತರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದರು. ಅವರಿಗೆ ಹೆದರಿಕೆಯಾಗಲು ಕಾರಣವಿತ್ತು. ಐದು ವರ್ಷದ ಹಿಂದೆ ಕಚೇರಿಯ ಕಂಪ್ಯೂಟರ್ ಕೆಟ್ಟು ಕೂತಾಗ ಗುಮಾಸ್ತರು ಅದರ ಬೆನ್ನ ಮೇಲೆ ಒಂದು ಏಟು ಕೊಟ್ಟಿದ್ದರು. ಹೋಗಿದ್ದ ವಿದ್ಯುತ್ತು ಅದೇ ಕ್ಷಣಕ್ಕೆ ವಾಪಸ್ಸು ಬಂತು. ಅಂದಿನಿಂದ ಕಚೇರಿಯಲ್ಲಿ, ಆಮೇಲೆ ಅವರಿದ್ದ ಮೂರಂತಸ್ತಿನ ಕಟ್ಟಡದಲ್ಲಿ, ಕೊನೆಗೆ ಇಡೀ ಬೀದಿಯಲ್ಲಿ ಅವರು 'ಇಂಜಿನಿಯರ್ ಸಾರ್' ಆದರು. ತಿದ್ದಲು ಗುಮಾಸ್ತರಿಗೆ ಬಾಯಿಯೇನೋ ಇತ್ತು, ಮನಸ್ಸಿರಲಿಲ್ಲ. ಬಿರುದು ಉಳಿಸಿಕೊಳ್ಳಲು ಮನೆಯ ಗಡಿಯಾರ, ಪಂಪು, ಕರೆಗಂಟೆ, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಒಂದೊಂದಾಗಿ ಬಿಚ್ಚಿ ನೋಡಿದ್ದರು. ಬಿಚ್ಚುವುದರಲ್ಲಿ ಅವರ ಕೈ ಪಳಗಿತ್ತು ಎಂದಷ್ಟೇ ಇಲ್ಲಿ ಹೇಳಿದರೆ ಸಾಕು. ಈ ಎಲ್ಲ ರಿಪೇರಿಗಳನ್ನೂ ಕಣ್ಣಾರೆ ಕಂಡವರು ಅತ್ತೆಯೊಬ್ಬರೇ. ಆಗೆಲ್ಲ ಅವರು ತುಟಿ ಪಿಟಕ್ ಅಂದಿರಲಿಲ್ಲ. ಎಲ್ಲವನ್ನೂ ಹನ್ನೊಂದನೆಯ ಅಧ್ಯಾಯಕ್ಕೆ ಕೂಡಿಟ್ಟುಕೊಂಡಿದ್ದರು ಎಂದು ಗುಮಾಸ್ತರಿಗೆ ಈಗ ಹೊಳೆಯಿತು.

ಬುಧವಾರ ಬೆಳಿಗ್ಗೆ ಅತ್ತೆ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಅಲ್ಲಿಂದ ಪ್ರೆಸ್ಸಿಗೆ ಹೋಗಿ ಮಾಲೀಕರನ್ನು ಕರೆದುಕೊಂಡೇ ಬರುವುದಾಗಿ ಹೇಳಿದ್ದರು. ಹೆಂಡತಿ ಔಷಧಿ ಅಂಗಡಿಯ ಕೆಲಸಕ್ಕೆ ಹೋದಳು. ಗುಮಾಸ್ತರು ಒಳಕೋಣೆ ಹೊಕ್ಕು ಬಾಗಿಲು ಹಾಕಿಕೊಂಡರು. ಯೋಜನೆ ಸರಳವಾಗಿತ್ತು. ಹನ್ನೊಂದನೆಯ ಅಧ್ಯಾಯ ಹುಡುಕುವುದು, ಓದುವುದು, ತೀರಾ ಖಾರವಾದ ಕಡೆ ಸ್ವಲ್ಪ ನೀರು ಹಾಕುವುದು, ಸಾಧ್ಯವಾದರೆ ಅಧ್ಯಾಯಕ್ಕೆ ಅಧ್ಯಾಯವನ್ನೇ ಅಳಿಸಿಹಾಕಿ ಏನೂ ಅರಿಯದವರಂತೆ ಸೋಫಾದ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗುವುದು.

ಅತ್ತೆ ಕಂಪ್ಯೂಟರನ್ನು ಎಂದೂ ಪೂರ್ತಿ ಆರಿಸುತ್ತಿರಲಿಲ್ಲ. ಬರೆಯುತ್ತಿದ್ದ ಪುಟವನ್ನು ಹಾಗೇ ತೆರೆದಿಟ್ಟು ಅದನ್ನು 'ಮಲಗಿಸುತ್ತಿದ್ದರು'. ಬೆಳಿಗ್ಗೆ ಯಾವುದಾದರೂ ಒಂದು ಕೀ ಒತ್ತಿದರೆ ಏಳುತ್ತಿತ್ತು. ಪೆಟ್ಟಿಗೆಯ ಮೇಲೆ ಅವರದೇ ದುಂಡಕ್ಷರದಲ್ಲಿ ಒಂದು ಚೀಟಿ ಅಂಟಿಸಿತ್ತು: 'ದೊಡ್ಡ ಗುಂಡಿಯನ್ನು ಯಾರೂ ಮುಟ್ಟಕೂಡದು.' ಕೆಳಗೆ ರುಜು, ದಿನಾಂಕ.

ಗುಮಾಸ್ತರು ಕುರ್ಚಿ ಎಳೆದು ಕೂತು, ಕೈ ಒರೆಸಿಕೊಂಡು, ಒಂದು ಕೀ ಒತ್ತಿದರು. ಪರದೆ ಕಪ್ಪಗೇ ಇತ್ತು. ಇನ್ನೊಂದು ಒತ್ತಿದರು. ಕಪ್ಪು. ಹತ್ತೂ ಬೆರಳಿಂದ ಒಟ್ಟಿಗೆ ಒತ್ತಿದರು. ಪರದೆಯಲ್ಲಿ ಅವರದೇ ಮುಖ ಮಸುಕಾಗಿ ಕಾಣಿಸಿತೇ ವಿನಾ ಬೇರೇನೂ ಕಾಣಲಿಲ್ಲ.

"ಏಳಪ್ಪಾ," ಎಂದರು ಗುಮಾಸ್ತರು ಮೆತ್ತಗೆ.

ಅದು ಏಳಲಿಲ್ಲ. ವೈರುಗಳನ್ನು ಒಂದೊಂದಾಗಿ ಹಿಡಿದು ನೋಡಿದರು, ಎಲ್ಲವೂ ಬಿಗಿಯಾಗಿದ್ದವು. ಸಂದುಗಳಲ್ಲಿ ಬಾಯಿಂದ ಊದಿದರು, ಎರಡು ವರ್ಷದ ಧೂಳು ಎದ್ದು ಅವರ ಕಣ್ಣಿಗೇ ಬಿತ್ತು. ಅತ್ತೆ ಹೊಲಿದಿಟ್ಟ ಹೂವಿನ ಗವಸನ್ನು ಪೂರ್ತಿ ಹೊದಿಸಿ, ಐದೆಣಿಸಿ, ಪಕ್ಕನೆ ತೆಗೆದರು, ಹೀಗೆ ಬೆಚ್ಚಿಬೀಳಿಸಿದರಾದರೂ ಎದ್ದೀತೆಂದು. ಕೊನೆಗೆ ಕಚೇರಿಯಲ್ಲಿ ಫಲಿಸಿದ ವಿದ್ಯೆಯನ್ನು ನೆನೆದು ಅದರ ಬೆನ್ನಿಗೆ ಒಂದು ಕೊಟ್ಟರು. ಈ ಸಲ ಯಾವ ವಿದ್ಯುತ್ತೂ ಅವರ ಮಾನ ಕಾಯಲು ಓಡಿಬರಲಿಲ್ಲ.

ಆಗ ಗುಮಾಸ್ತರ ಹೊಟ್ಟೆಯಲ್ಲಿ ನಿಜವಾಗಿಯೂ ನೋವು ಶುರುವಾಯಿತು. ಒಂದು ಅಧ್ಯಾಯ ಅಳಿಸಲು ಬಂದು ಹನ್ನೆರಡಕ್ಕೆ ಹನ್ನೆರಡನ್ನೂ ತಾನೇ ಕೊಂದುಬಿಟ್ಟೆನೇ? ಎರಡು ವರ್ಷದ ಬರವಣಿಗೆ! ಕಣ್ಣಿಗೆ ಆಪರೇಷನ್ ಆದ ಮೇಲೂ ಬಿಡದೆ ಬರೆದದ್ದು! ನಾಲ್ಕು ಗಂಟೆಗೆ ಅತ್ತೆ ಬಂದು ಒಂದೇ ಒಂದು ನೋಟ ನೋಡಿದರೆ ಸಾಕು, ತಾನು ಕಚೇರಿಗೆ ವರ್ಗಾವಣೆ ಅರ್ಜಿ ಕೊಡುವುದೇ ವಾಸಿ ಎನಿಸಿತು.

ಅಷ್ಟರಲ್ಲಿ ಒಳಕೋಣೆಯ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಮೇಲಿನ ಮನೆಯ ಟೈಪಿಂಗ್ ಮೇಷ್ಟ್ರು. ನಲವತ್ತು ವರ್ಷ ಬೆರಳಚ್ಚು ಶಾಲೆ ನಡೆಸಿದವರು. ಶಾಲೆ ಮುಚ್ಚಿದರೂ ಅವರ ಕಿವಿ ಮುಚ್ಚಿರಲಿಲ್ಲ. ದಿನಾ ಹತ್ತು ಗಂಟೆಗೆ ಕೆಳಗಿನಿಂದ ಕೇಳುವ ಟಕಟಕ ಸದ್ದಿಗೆ ತಲೆದೂಗುತ್ತಾ ಕೂರುವುದು ಅವರ ಅಭ್ಯಾಸ.

"ಅಮ್ಮನೋರು ಹುಷಾರಾಗಿದ್ದಾರಾ ಸಾರ್? ಇವತ್ತು ಟೈಪಿಂಗ್ ಸದ್ದೇ ಬರ್ತಿಲ್ಲ. ಬರೀ ಯಾರೋ ಗುದ್ದೋ ಸದ್ದು."

"ಸರ್ವಿಸಿಂಗ್ ಮೇಷ್ಟ್ರೇ," ಎಂದರು ಗುಮಾಸ್ತರು, ಮೂಗಿನ ಮೇಲಿನ ಧೂಳು ಒರೆಸಿಕೊಳ್ಳುತ್ತಾ. "ಅತ್ತೆ ಆಚೆ ಹೋಗಿದ್ದಾರೆ. ಯಂತ್ರ ಕಾಲಕಾಲಕ್ಕೆ ಸರ್ವಿಸ್ ಮಾಡ್ತಿರಬೇಕಲ್ಲ."

ಮೇಷ್ಟ್ರು ಪರದೆ ನೋಡಿದರು. ಗುಮಾಸ್ತರ ಮುಖ ನೋಡಿದರು. ಕೀಬೋರ್ಡಿನ ಮೇಲೆ ಬಗ್ಗಿ ಎರಡು ತುದಿಯ ಕೀಗಳನ್ನು ಮುಟ್ಟಿ ನೋಡಿ ನಿಟ್ಟುಸಿರು ಬಿಟ್ಟರು.

"ಕಿರುಬೆರಳು ಸಾರ್."

"ಏನು?"

"ಎಲ್ಲಾ ಕಿರುಬೆರಳಿನ ತಪ್ಪು. ನಲವತ್ತು ವರ್ಷ ಬಡ್ಕೊಂಡೆ, ಯಾರು ಕೇಳಿದ್ರು? ನಡುವಿನ ಬೆರಳಿಂದ ಎಲ್ಲರೂ ಕುಟ್ತಾರೆ. ಕಿರುಬೆರಳಿಗೆ ಕೆಲಸಾನೇ ಕೊಡಲ್ಲ. ಅದರ ಕೀಗಳೆಲ್ಲ ಜಡ್ಡುಗಟ್ಟಿ ಕೂತಿವೆ. ಅವು ಸಡಿಲ ಆಗೋವರೆಗೂ ಯಂತ್ರ ಏಳಲ್ಲ. ಸರಿಯಿರಿ."

ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತು, ಎಡಗೈ ಕಿರುಬೆರಳಿನಿಂದ ಕೆಳಗಿನ ಮೂಲೆಯ ಕೀಯನ್ನು ಒತ್ತಿ ಹಿಡಿದು, ಬಲಗೈ ಕಿರುಬೆರಳಿನಿಂದ ಮೇಲಿನ ಸಾಲಿನ ತುದಿಯಲ್ಲಿರುವ ಅಕ್ಷರವನ್ನು ಹೊಡೆದು, ಅದೇ ಕಿರುಬೆರಳನ್ನು ಜಾರಿಸಿ ಸಾಲು ಮುಗಿಸುವ ದೊಡ್ಡ ಕೀಯನ್ನು ಕುಟ್ಟಿದರು.

"ಎಡ, ಬಲ, ಸಾಲು! ನೋಡಿದ್ರಾ? ಎಡ, ಬಲ, ಸಾಲು! ಬೆನ್ನು ನೆಟ್ಟಗಿರಬೇಕು. ಇದನ್ನ ನೂರು ಸಲ ಮಾಡಿ. ಜಡ್ಡು ಬಿಡದಿದ್ರೆ ನನ್ನ ಹೆಸರು ಬದಲಾಯಿಸಿ."

ಪರದೆ ಕಪ್ಪಗೇ ಇತ್ತು. ಗೋಡೆಯಾಚೆ ಎಲ್ಲೋ ಗರ್ ಗರ್ ಎಂದು ಸದ್ದಾಯಿತು.

"ಏನು ಮೇಷ್ಟ್ರೇ ಅದು?"

"ನಮ್ಮನೆ ವಾಷಿಂಗ್ ಮಷೀನ್ ಇರಬೇಕು. ನೀವು ಅಭ್ಯಾಸ ನಿಲ್ಲಿಸಬೇಡಿ."

ಈ ಹೊತ್ತಿಗೆ ಓದುಗರಿಗೆ ಒಂದು ವಿಷಯ ತಿಳಿಸಲೇಬೇಕು. ಅತ್ತೆಯ ಪ್ರಿಂಟರ್ ಒಳಕೋಣೆಯಲ್ಲಿರಲಿಲ್ಲ. ಅದರ ಸದ್ದಿಗೆ ನೆನಪುಗಳೆಲ್ಲ ಓಡಿಹೋಗುತ್ತವೆ ಎಂದು ಅವರು ಅದನ್ನು ಹಜಾರಕ್ಕೆ ಗಡೀಪಾರು ಮಾಡಿಸಿದ್ದರು. ವೈರು ದಾಟಿಸಲು ಗೋಡೆಗೆ ತೂತು ಕೊರೆದವರು ಗುಮಾಸ್ತರೇ, ಮೂರನೆಯ ಪ್ರಯತ್ನದಲ್ಲಿ. ಆ ಹಜಾರದಲ್ಲಿ, ಪ್ರಿಂಟರಿನ ಪಕ್ಕದ ಬೆತ್ತದ ಕುರ್ಚಿಯಲ್ಲಿ, ಕೆಳಗಿನ ಮನೆಯ ಕಾಂಪೌಂಡರು ದಿನಾ ಬಂದು ಪುಕ್ಕಟೆ ಪೇಪರ್ ಓದಿ ಹೋಗುವುದು ವಾಡಿಕೆ. ಅಂದೂ ಬಂದು ಕೂತಿದ್ದರು. ಪೇಪರಿನಲ್ಲಿ ಓದುವಂಥದ್ದೇನೂ ಇರಲಿಲ್ಲ. ಅಷ್ಟರಲ್ಲಿ ಪ್ರಿಂಟರ್ ತಾನಾಗಿ ಗರ್ ಎಂದು ಒಂದು ಹಾಳೆಯನ್ನು ಅವರ ಮೊಣಕೈಗೆ ನೀಡಿತು. ಒಳಗೆ ಮೇಷ್ಟ್ರು ಒತ್ತಿದ ಮೂರು ಕೀಗಳು, ಅವರಿಗೇ ತಿಳಿಯದಂತೆ, ತೆರೆದಿದ್ದ ಅಧ್ಯಾಯವನ್ನು ಅಚ್ಚುಹಾಕೆಂದು ಅದಕ್ಕೆ ಅಪ್ಪಣೆ ಕೊಟ್ಟಿದ್ದವು.

ಕಾಂಪೌಂಡರು ಕನ್ನಡಕ ಏರಿಸಿ ಓದಿದರು. 'ನನ್ನ ಅಳಿಯಂದಿರು ಬಹಳ ಬುದ್ಧಿವಂತರು. ಆದರೆ ಈ ಸಂಗತಿ ಇನ್ನೂ ಉಪಕರಣಗಳ ಗಮನಕ್ಕೆ ಬಂದಿಲ್ಲ.' ಅವರು ಕುರ್ಚಿಯನ್ನು ಪ್ರಿಂಟರಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

ಹಿಂದಿನ ರಾತ್ರಿ ಅತ್ತೆ ತೆರೆದಿಟ್ಟೇ ಮಲಗಿಸಿದ್ದ ಹನ್ನೊಂದನೆಯ ಅಧ್ಯಾಯ ಒಟ್ಟು ಆರು ಪುಟ. ಮೇಷ್ಟ್ರು ಒಳಗಿನಿಂದ ಹೊರಬಂದಾಗ ಕಾಂಪೌಂಡರು ನಾಲ್ಕನೆಯ ಪುಟದಲ್ಲಿದ್ದರು, ಎರಡನೆಯ ಪ್ರತಿ ಹೊರಬರುತ್ತಿತ್ತು. ಅದು ಮೇಷ್ಟ್ರ ಕೈಗೆ ಹೋಯಿತು. ಅವರು ಮನೆಗೆ ಹೊರಟವರು ಅಲ್ಲೇ ಗೋಡೆಗೊರಗಿ ನಿಂತುಬಿಟ್ಟರು. ಒಳಗೆ ಗುಮಾಸ್ತರು ಬೆನ್ನು ನೆಟ್ಟಗೆ ಮಾಡಿಕೊಂಡು, ಎಡ, ಬಲ, ಸಾಲು, ಎಡ, ಬಲ, ಸಾಲು ಎಂದು ಲೆಕ್ಕ ಹಾಕುತ್ತಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಕಾಂಪೌಂಡರು ಬಾಗಿಲು ಸರಿಸಿ ಒಳಗೆ ಇಣುಕಿದರು. ಅವರ ಕಣ್ಣಲ್ಲಿ ನೀರಿತ್ತು. ಅದು ನಕ್ಕು ಬಂದ ನೀರೆಂದು ಗುಮಾಸ್ತರಿಗೆ ಹೇಗೆ ಗೊತ್ತಾಗಬೇಕು?

"ಸಾರ್, ಹೇಗೆ ನಡೀತಿದೆ?"

"ಎಲ್ಲಾ ಮುಗಿದ ಹಾಗೇ ಕಾಂಪೌಂಡರೇ," ಎಂದರು ಗುಮಾಸ್ತರು ಸೋತ ದನಿಯಲ್ಲಿ.

"ಅಯ್ಯಯ್ಯೋ, ಈಗಲೇ ಮುಗಿಸಬೇಡಿ ಸಾರ್! ಮೂರನೇ ಮನೆಯೋರಿಗೂ ಹೇಳಿ ಕಳಿಸಿದ್ದೀನಿ, ಬರ್ತಿದ್ದಾರೆ."

"ಅವರ‍್ಯಾಕೆ ಬರ್ತಾರೆ?"

"ಅದೇನು ಮಾತು ಅಂತ ಆಡ್ತೀರಿ! ಇಂಥ ಸಮಯದಲ್ಲಿ ನೆರೆಹೊರೆಯೋರು ಬರದೇ ಇರ್ತಾರಾ?"

ಇಂಥ ಸಮಯ! ಗುಮಾಸ್ತರಿಗೆ ಈಗ ಅರ್ಥವಾಯಿತು. ಸಾವಿನ ಮನೆಗೆ ಜನ ಸೇರುವ ಹಾಗೆ ಸೇರುತ್ತಿದ್ದಾರೆಂದಮೇಲೆ ಕಂಪ್ಯೂಟರಿನ ವಿಷಯ ಹೊರಗೆ ಗೊತ್ತಾಗಿಹೋಗಿದೆ. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು, "ನೀವು ಆಸ್ಪತ್ರೆಯಲ್ಲಿ ಇದ್ದೋರು, ನೀವೇ ಒಂದ್ಸಲ ನೋಡಿ," ಎಂದರು.

ಕಾಂಪೌಂಡರಿಗೆ ಇದು ತಮಾಷೆಯಾಗಿ ಕಂಡಿತು. ಆದರೂ ವೃತ್ತಿ ವೃತ್ತಿಯೇ. ಪೆಟ್ಟಿಗೆಗೆ ಕಿವಿಯಿಟ್ಟು ಆಲಿಸಿದರು. "ಉಸಿರಾಟ ಇದೆ. ಮೈ ಬೆಚ್ಚಗಿದೆ. ಹಸಿರು ದೀಪ ಉರೀತಿದೆ. ಕಣ್ಣು ಮಾತ್ರ ಬಿಟ್ಟಿಲ್ಲ."

"ಪ್ಲಗ್ ಕಿತ್ತು ಮತ್ತೆ ಹಾಕಿದ್ರೆ ಹೇಗೆ?"

"ಕೀಳೋದಾ?" ಕಾಂಪೌಂಡರು ಗಾಬರಿಯಿಂದ ಪ್ಲಗ್ಗಿಗೆ ಅಡ್ಡ ನಿಂತರು. "ಅಂಥ ಕೆಲಸ ಮಾತ್ರ ಮಾಡಬೇಡಿ ಸಾರ್! ಆಚೆ ಎಷ್ಟು ಜನ ಕಾಯ್ತಿದ್ದಾರೆ ಗೊತ್ತಾ? ನೀವು ಹೇಗೆ ಮಾಡ್ತಿದ್ದೀರೋ ಹಾಗೇ ಮಾಡ್ತಾ ಇರಿ, ಅಷ್ಟು ಸಾಕು." ಬಾಗಿಲ ಹತ್ತಿರ ಹೋದವರು ತಿರುಗಿ, ಎದೆಯ ಮೇಲೆ ಕೈಯಿಟ್ಟು ಹೇಳಿದರು, "ಇನ್ನೊಂದು ಮಾತು. ಅವತ್ತು ನನ್ನ ಹಾಸಿಗೆ ನೆನೆದುಹೋದ ವಿಷಯ. ಅದನ್ನ ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ. ಇಷ್ಟು ಧೈರ್ಯ ಯಾರಿಗಿರುತ್ತೆ ಸಾರ್?"

ಕಂಪ್ಯೂಟರ್ ಕೆಟ್ಟದ್ದಕ್ಕೂ ಹಾಸಿಗೆಗೂ ಏನು ಸಂಬಂಧವೆಂದು ಗುಮಾಸ್ತರಿಗೆ ತಿಳಿಯಲಿಲ್ಲ. ದುಃಖದ ಮನೆಯಲ್ಲಿ ಜನ ಹಳೆಯ ಜಗಳಗಳನ್ನು ಮರೆಯುತ್ತಾರೆಂದು ಕೇಳಿದ್ದರು, ಇದೂ ಅಂಥದ್ದೇ ಇರಬೇಕೆಂದುಕೊಂಡು ಮತ್ತೆ ಕಿರುಬೆರಳಿಗೆ ಕೆಲಸ ಕೊಟ್ಟರು.

ಹನ್ನೆರಡು ಗಂಟೆಗೆ ಮೀಟರ್ ಓದುವವರು ಬಂದರು. ಹಜಾರದಲ್ಲಿ ಒಂಬತ್ತು ಜನ ಹಾಳೆ ಹಿಡಿದು ಕೂತಿದ್ದನ್ನು ಕಂಡು ಯಾವುದೋ ಪರೀಕ್ಷೆ ನಡೆಯುತ್ತಿದೆಯೆಂದು ಭಾವಿಸಿ ತುದಿಗಾಲಲ್ಲಿ ನಡೆದರು. ಬಾಗಿಲ ಸಂದಿಯಲ್ಲಿ ಅವರ ಟೊಪ್ಪಿಗೆಯನ್ನಷ್ಟೇ ಕಂಡ ಗುಮಾಸ್ತರು ಕೈ ಚಾಚಿ ಅವರನ್ನು ಒಳಕೋಣೆಗೆ ಎಳೆದುಕೊಂಡರು.

"ನೀವು ವಿದ್ಯುತ್ ಇಲಾಖೆಯೋರು. ನೀವೇ ಹೇಳಿ, ಇದಕ್ಕೆ ಏನಾಗಿದೆ?"

ಮೀಟರ್ ಓದುವವರು ಕಂಪ್ಯೂಟರಿನ ಕಡೆ ನೋಡಲೂ ಇಲ್ಲ. ಹೊರಗೆ ಹೋಗಿ, ಮೀಟರಿಗೆ ಟಾರ್ಚು ಬಿಟ್ಟು, ಪುಸ್ತಕದಲ್ಲಿ ಬರೆದುಕೊಂಡು ವಾಪಸ್ಸು ಬಂದರು.

"ಕರೆಂಟ್ ಬರ್ತಿದೆ. ಬಳಕೆ ಆಗ್ತಿದೆ. ಮೀಟರ್ ಓಡ್ತಿದೆ. ಇಲಾಖೆ ಪ್ರಕಾರ ನಿಮ್ಮ ಕಂಪ್ಯೂಟರ್ ಚೆನ್ನಾಗಿದೆ."

"ಆದರೆ ಏನೂ ಕಾಣ್ತಿಲ್ವಲ್ಲ!"

"ಕಾಣೋದು ಬಿಡೋದು ಇಲಾಖೆ ವ್ಯಾಪ್ತಿಗೆ ಬರಲ್ಲ ಸಾರ್," ಎಂದು ಹೇಳಿ ಅವರು ಹೊರಟರು. ಹಜಾರದಲ್ಲಿ ಯಾರೋ ಕೈಗೊಂದು ಪ್ರತಿ ಕೊಟ್ಟರು. ಆ ದಿನ ಆ ಬೀದಿಯ ಉಳಿದ ಮನೆಗಳ ಮೀಟರನ್ನು ಇಲಾಖೆಯ ಯಾರೂ ಓದಲಿಲ್ಲ.

ಗೋಡೆಯಾಚೆಯಿಂದ ಆಗಾಗ ಭಾರೀ ನಗು ಕೇಳಿಸುತ್ತಿತ್ತು. ಒಂದು ಸಲವಂತೂ ಹತ್ತು ಹನ್ನೆರಡು ಗಂಟಲು ಒಟ್ಟಿಗೆ ಹೋ ಎಂದವು. ಗುಮಾಸ್ತರಿಗೆ ಅದು ಅಳುವಾಗಿ ಕೇಳಿಸಿತು. ಅತ್ತೆಯ ಪುಸ್ತಕಕ್ಕಾಗಿ ಬೀದಿಯ ಜನ ಇಷ್ಟು ಅಳುತ್ತಾರೆಂದರೆ ಅದೆಂಥ ಪುಸ್ತಕವಿರಬೇಕು! ಅವರ ಕಣ್ಣಲ್ಲೂ ನೀರು ಬಂತು. ಸುಮ್ಮನೆ ಕೂರಲಾರದೆ ಮೇಷ್ಟ್ರ ಚಿಕಿತ್ಸೆಯನ್ನು ಎರಡು ಪಟ್ಟು ವೇಗದಲ್ಲಿ ಮುಂದುವರಿಸಿದರು. ಎಡ, ಬಲ, ಸಾಲು. ಆಚೆ ಕಾಂಪೌಂಡರು ಎರಡನೆಯ ಕಟ್ಟು ಬಿಚ್ಚಿ ಪ್ರಿಂಟರಿಗೆ ಹೊಸ ಹಾಳೆ ಉಣಿಸಿದರು.

ಊಟದ ಬಿಡುವಿಗೆ ಹೆಂಡತಿ ಮನೆಗೆ ಬಂದಳು. ಹಜಾರದ ಜನರನ್ನು ದಾಟಿ ಒಳಕೋಣೆಗೆ ಬರಲು ಅವಳಿಗೆ ಕಾಲು ಗಂಟೆ ಹಿಡಿಯಿತು. ಬಂದಾಗ ಕೆನ್ನೆ ಕೆಂಪಾಗಿತ್ತು, ಕೈಯಲ್ಲಿ ಏನನ್ನೋ ಮಡಚಿ ಹಿಡಿದಿದ್ದಳು.

"ರೀ," ಎಂದಳು. "ಇಷ್ಟು ದಿನ ನಿಮ್ಮನ್ನ ನಾನು ತಪ್ಪು ತಿಳ್ಕೊಂಡಿದ್ದೆ."

ಗುಮಾಸ್ತರು ತಲೆ ತಗ್ಗಿಸಿದರು. "ನಾನು ಬೇಕು ಅಂತ ಮಾಡಲಿಲ್ಲ ಕಣೇ."

"ಬೇಕು ಅಂತ ಮಾಡಿದ್ರೆ ಏನು ತಪ್ಪು? ಅಮ್ಮನಿಗೆ ಎಷ್ಟು ಸಂತೋಷ ಆಗುತ್ತೆ ಗೊತ್ತಾ?"

"ಸಂತೋಷನಾ?"

"ಮತ್ತೆ! ಅವರೇ ಭಯ ಪಟ್ಕೊಂಡಿದ್ರು. ಅದನ್ನ ನೀವು ಒಂದೇ ಬೆಳಿಗ್ಗೆಯಲ್ಲಿ ಮುಗಿಸಿಬಿಟ್ರಲ್ಲ!"

ಗುಮಾಸ್ತರು ಹೆಂಡತಿಯ ಮುಖವನ್ನೇ ಪಿಳಿಪಿಳಿ ನೋಡಿದರು. ಎರಡು ವರ್ಷದ ಬರವಣಿಗೆಯನ್ನು ಮುಗಿಸಿಹಾಕಿದ್ದಕ್ಕೆ ತಾಯಿಗೆ ಸಂತೋಷ, ಮಗಳಿಗೆ ಅಭಿಮಾನ! ಆಘಾತದಿಂದ ಬುದ್ಧಿ ಸ್ವಲ್ಪ ಆಚೀಚೆ ಆಗಿರಬೇಕೆಂದು ಅನುಮಾನವಾಯಿತು. "ನೀನು ಸ್ವಲ್ಪ ನೀರು ಕುಡಿ," ಎಂದರು.

"ಅಮ್ಮ ಬಂದ ತಕ್ಷಣ ನಾನೇ ಹೇಳ್ತೀನಿ ರೀ."

"ಬೇಡ! ಬೇಡ ಕಣೇ. ಮಾಡಿದೋನು ನಾನು, ನಾನೇ ಹೇಳ್ತೀನಿ."

ಇದನ್ನು ಕೇಳಿ ಹೆಂಡತಿ ಮದುವೆಯಾದ ಹೊಸತರಲ್ಲಿ ನೋಡಿದ ಹಾಗೆ ಗಂಡನನ್ನು ಒಮ್ಮೆ ನೋಡಿದಳು. ಔಷಧಿ ಅಂಗಡಿಗೆ ಫೋನ್ ಮಾಡಿ, ಮನೆಯಲ್ಲಿ ಮುಖ್ಯವಾದ ಕೆಲಸವಿದೆ, ಮಧ್ಯಾಹ್ನ ಬರುವುದಿಲ್ಲ ಎಂದು ತಿಳಿಸಿ ಹಜಾರಕ್ಕೆ ಹೋಗಿ ಕೂತಳು.

ಮೂರೂಮುಕ್ಕಾಲಿಗೆ ಗುಮಾಸ್ತರ ಎರಡೂ ಕಿರುಬೆರಳು ಮರಗಟ್ಟಿದವು. ಪರದೆ ಬೆಳಗಿನ ಹಾಗೇ ಕಪ್ಪಗಿತ್ತು. ಓಡಿಹೋಗಲು ಕಿಟಕಿಗೆ ಕಂಬಿಯಿತ್ತು. ಮನುಷ್ಯನಿಗೆ ದಾರಿಗಳೆಲ್ಲ ಮುಚ್ಚಿದಾಗ ಬರುವ ಧೈರ್ಯ ಅವರಿಗೂ ಬಂತು. ಅಂಗಿಯ ಗುಂಡಿ ಸರಿಮಾಡಿಕೊಂಡು, ಎಲ್ಲರೆದುರು ತಪ್ಪೊಪ್ಪಿಕೊಳ್ಳುವುದೆಂದು ತೀರ್ಮಾನಿಸಿ ಹಜಾರಕ್ಕೆ ಬಂದರು.

ಅಲ್ಲಿ ಸುಮಾರು ಮೂವತ್ತು ಜನರಿದ್ದರು. ಸೋಫಾದ ಮೇಲೆ, ಸೋಫಾದ ಕೈಗಳ ಮೇಲೆ, ಮೆಟ್ಟಿಲ ಮೇಲೆ, ಬಾಗಿಲಾಚೆ. ಎಲ್ಲರ ಕೈಯಲ್ಲೂ ಹಾಳೆ. ಗುಮಾಸ್ತರನ್ನು ಕಂಡದ್ದೇ ತಡ, ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು.

ಗುಮಾಸ್ತರು ಕಕ್ಕಾಬಿಕ್ಕಿಯಾಗಿ ಹತ್ತಿರದಲ್ಲಿದ್ದ ಮೇಷ್ಟ್ರ ಕೈಯಿಂದ ಒಂದು ಹಾಳೆ ತೆಗೆದುಕೊಂಡರು. ಓದಿದರು.

'ಗೋಡೆ ಗಡಿಯಾರ: ದಿನಕ್ಕೆ ಐದು ನಿಮಿಷ ಹಿಂದೆ ಬೀಳುತ್ತಿತ್ತು. ಅಳಿಯಂದಿರು ಸರಿಪಡಿಸಿದ ಮೇಲೆ ಆ ದೋಷ ಪೂರ್ತಿ ನಿವಾರಣೆಯಾಯಿತು, ಏಕೆಂದರೆ ಮುಳ್ಳುಗಳೇ ಉಳಿಯಲಿಲ್ಲ.

'ನೀರಿನ ಪಂಪು: ಇದರ ರಿಪೇರಿ ಮೂರು ದಿನ ನಡೆಯಿತು. ಮೂರನೆಯ ದಿನ ಧಾರಾಳವಾಗಿ ನೀರು ಬಂತು, ಕೆಳಗಿನ ಮನೆಯ ಕಾಂಪೌಂಡರ ಹಾಸಿಗೆಯ ಮೇಲೆ. ಅಳಿಯಂದಿರು ಮಹಡಿ ಸೋರುತ್ತಿದೆ ಎಂದು ಅವರಿಗೆ ಹೇಳಿ ಬಂದರು.

'ಕರೆಗಂಟೆ: ಈಗ ಯಾರಾದರೂ ಒತ್ತಿದರೆ ಬಾರಿಸುವುದಿಲ್ಲ. ಸ್ನಾನದ ಮನೆಯ ದೀಪ ಹಾಕಿದರೆ ಮೇಲಿನ ಮನೆಯಲ್ಲಿ ಬಾರಿಸುತ್ತದೆ.'

"ಎರಡು ವರ್ಷದಿಂದ ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಬಾಗಿಲು ತೆಗೀತಿದ್ದೀನಿ ಸಾರ್," ಎಂದರು ಮೇಷ್ಟ್ರು. "ಯಾರೂ ಇರ್ತಿರಲಿಲ್ಲ. ದೆವ್ವ ಅಂದ್ಕೊಂಡಿದ್ದೆ. ಇವತ್ತು ನೀವೇ ಸತ್ಯ ಹೇಳಿದ್ರಿ. ನನ್ನ ಮನಸ್ಸು ಹಗುರ ಆಯ್ತು."

ಗುಮಾಸ್ತರ ಕಣ್ಣು ಮೆಲ್ಲಗೆ ಪ್ರಿಂಟರಿನತ್ತ ಹೋಯಿತು. ಅಲ್ಲಿಂದ ಗೋಡೆಯ ಮೂರನೆಯ ತೂತಿಗೆ. ಅಲ್ಲಿಂದ ತಮ್ಮ ಎರಡು ಕಿರುಬೆರಳುಗಳಿಗೆ. ಅಷ್ಟರಲ್ಲಿ ಗೇಟಿನ ಸದ್ದಾಯಿತು.

ಅತ್ತೆ ಬಂದರು. ಹಿಂದೆ ಪ್ರೆಸ್ಸಿನ ಮಾಲೀಕರು. ಅತ್ತೆ ಹೊಸ್ತಿಲಲ್ಲಿ ನಿಂತದ್ದೇ ಮೂವತ್ತು ಜನವೂ ಮಾತು ನಿಲ್ಲಿಸಿ ಹಾಳೆಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಮೀಟರ್ ಓದುವವರು ಟೊಪ್ಪಿಗೆ ತೆಗೆದರು.

"ಕೈ ಮುಂದೆ," ಎಂದರು ಅತ್ತೆ.

ಮೂವತ್ತು ಜೊತೆ ಕೈ ಮುಂದೆ ಬಂದವು. ಅತ್ತೆ ಒಂದು ಹಾಳೆ ತೆಗೆದು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಯಾರು ಕೊಟ್ಟಿದ್ದು ಇದನ್ನ?"

"ಇಂಜಿನಿಯರ್ ಸಾರ್ ಅವರೇ!" ಎಂದರು ಕಾಂಪೌಂಡರು. "ಬೆಳಿಗ್ಗೆಯಿಂದ ಒಂದು ನಿಮಿಷ ಕೂತಲ್ಲಿಂದ ಏಳದೆ ಪ್ರಿಂಟ್ ಹಾಕಿ ಹಾಕಿ ಬೀದಿಗೆಲ್ಲ ಹಂಚಿದ್ದಾರೆ. ನಲವತ್ತೇಳು ಪ್ರತಿ!"

ಅತ್ತೆ ಅಳಿಯನನ್ನು ದೀರ್ಘವಾಗಿ ನೋಡಿದರು. ಗುಮಾಸ್ತರು ಕಣ್ಣು ಮುಚ್ಚಿಕೊಂಡರು. ಆದರೆ ಕಿವಿಗೆ ಬಿದ್ದದ್ದು ಬೇರೆಯೇ.

"ನೋಡಿದ್ರಾ," ಎಂದರು ಅತ್ತೆ ಪ್ರೆಸ್ಸಿನವರಿಗೆ. "ದಾರಿಯಲ್ಲಿ ನಾನು ನಿಮಗೆ ಏನು ಹೇಳ್ತಾ ಬಂದೆ?"

"ಹನ್ನೊಂದನೇ ಅಧ್ಯಾಯ ತೆಗೆದುಬಿಡಿ ಅಂದ್ರಿ ಅಮ್ಮ. ಅಳಿಯಂದ್ರು ನೊಂದ್ಕೋತಾರೆ, ಪಾಪ ಸಾಧು ಮನುಷ್ಯ ಅಂದ್ರಿ."

"ಅಂದೆ. ಈಗ ಆ ಮಾತು ವಾಪಸ್ ತಗೊಂಡಿದ್ದೀನಿ. ತನ್ನ ಮೇಲೆ ಬರೆದಿದ್ದನ್ನ ತಾನೇ ಹಂಚೋ ಗಂಡಸನ್ನ ನನ್ನ ಸರ್ವಿಸಿನಲ್ಲೇ ನೋಡಿಲ್ಲ. ಇದು ಮೊದಲನೇ ಅಧ್ಯಾಯ ಆಗ್ಲಿ. ಪುಸ್ತಕಕ್ಕೂ ಇದೇ ಹೆಸರು ಇರಲಿ."

ಗುಮಾಸ್ತರು ಬಾಯಿ ತೆರೆದರು. ಇಲ್ಲ ಅತ್ತೆ, ನಾನು ಹಂಚಲಿಲ್ಲ, ನಾನು ಅಳಿಸೋಕೆ ಬಂದೋನು, ನನಗೆ ಇದನ್ನ ಶುರು ಮಾಡೋಕೂ ಬರಲಿಲ್ಲ ಎಂದು ಒಂದು ಮಾತು ಹೇಳಿದರೆ ಅಧ್ಯಾಯ ಹೋಗುತ್ತಿತ್ತು. ಜೊತೆಗೆ ಇಂಜಿನಿಯರ್ ಬಿರುದೂ ಹೋಗುತ್ತಿತ್ತು. ಅವರು ಎದುರಿನ ಮೂವತ್ತು ಮುಖಗಳನ್ನು ನೋಡಿದರು. ಕೊನೆಯಲ್ಲಿ ಹೆಂಡತಿಯ ಮುಖ ನೋಡಿದರು. ಅವಳು ಹೊಸ ಮದುವಣಗಿತ್ತಿಯ ಹಾಗೇ ಇನ್ನೂ ನೋಡುತ್ತಿದ್ದಳು. ಗುಮಾಸ್ತರು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡರು.

ಎಲ್ಲರೂ ಅತ್ತೆಯ ಹಿಂದೆ ಒಳಕೋಣೆಗೆ ನುಗ್ಗಿದರು. ಅತ್ತೆ ಕುರ್ಚಿಯಲ್ಲಿ ಕೂತು, ಪರದೆಯ ಗಲ್ಲದ ಕೆಳಗೆ ಕೈ ಹಾಕಿ, ಅಲ್ಲಿದ್ದ ಒಂದು ಪುಟ್ಟ ತಿರುಪನ್ನು ತಿರುಗಿಸಿದರು. ಪರದೆ ಮೆಲ್ಲಗೆ ಬೆಳ್ಳಗಾಯಿತು. ಹನ್ನೊಂದನೆಯ ಅಧ್ಯಾಯ ಬೆಳಗಿನಿಂದ ಅಲ್ಲೇ ಇದ್ದದ್ದು ಈಗ ಎಲ್ಲರಿಗೂ ಕಾಣಿಸಿತು.

"ಬೆಳಕು ಕಣ್ಣಿಗೆ ಕೆಟ್ಟದ್ದು ಅಂದಿದ್ರು ಡಾಕ್ಟರು. ದಿನಾ ಬರೆದಾದ ಮೇಲೆ ಇದನ್ನ ಪೂರ್ತಿ ಇಳಿಸಿಟ್ಟೇ ಏಳೋದು ನಾನು," ಎಂದರು ಅತ್ತೆ. ಹೇಳುತ್ತಲೇ ಅವರ ಕೈ ನಿಂತಿತು. ಕತ್ತು ತಿರುಗಿತು. ಮೂವತ್ತಮೂರು ವರ್ಷದಲ್ಲಿ ಸಾವಿರಾರು ಹುಡುಗಿಯರ ಹೊಟ್ಟೆನೋವಿನ ಚೀಟಿಗಳನ್ನು ಓದಿದ ಕಣ್ಣು ಅಳಿಯನ ಮೇಲೆ ನೆಟ್ಟಿತು. "ಅಲ್ಲ ಅಳಿಯಂದ್ರೇ, ಇದು ಇವತ್ತೂ ಇಳಿಸೇ ಇತ್ತಲ್ಲ. ಏನೂ ಕಾಣದೆ ನಲವತ್ತೇಳು ಪ್ರತಿ ಹೇಗೆ ತೆಗೆದ್ರಿ?"

ಮೂವತ್ತು ಕತ್ತುಗಳೂ ಗುಮಾಸ್ತರ ಕಡೆ ತಿರುಗಿದವು.

"ಅಭ್ಯಾಸ ಅತ್ತೆ," ಎಂದರು ಗುಮಾಸ್ತರು.

ಅತ್ತೆ ಕೀಬೋರ್ಡಿಗೆ ತಿರುಗಿ ಅಧ್ಯಾಯದ ಕೊನೆಗೆ ಹೊಸದಾಗಿ ಬರೆಯತೊಡಗಿದರು. ಗುಮಾಸ್ತರು ಅವರ ಹೆಗಲ ಮೇಲಿಂದ ಬಗ್ಗಿ ಒಂದೊಂದೇ ಪದವಾಗಿ ಓದಿದರು. 'ಕಂಪ್ಯೂಟರ್: ಇದಕ್ಕೂ ಅಳಿಯಂದಿರು ಕೈಹಾಕಿದರು. ಪರದೆ ಕಾಣದೆಯೇ ನಲವತ್ತೇಳು ಪ್ರತಿ ತೆಗೆದರು. ಹೇಗೆ ತೆಗೆದರೆಂಬುದು ಅವರಿಗೇ ಗೊತ್ತಿಲ್ಲ.'

"ಗೊತ್ತು ಅತ್ತೆ!" ಎಂದು ಗುಮಾಸ್ತರು ಕೂಗಿಬಿಟ್ಟರು.

"ಹೌದಾ?" ಅತ್ತೆ ಎದ್ದು ಕುರ್ಚಿ ಬಿಟ್ಟುಕೊಟ್ಟು ತಿರುಪನ್ನು ಮತ್ತೆ ಪೂರ್ತಿ ಇಳಿಸಿದರು. ಪರದೆ ಕಪ್ಪಾಯಿತು. "ಮಾಡಿ ತೋರಿಸಿ."

ಗುಮಾಸ್ತರು ಕೂತರು. ಬೆನ್ನು ನೆಟ್ಟಗೆ ಮಾಡಿಕೊಂಡರು. ಜನರ ನಡುವಿನಿಂದ ಮೇಷ್ಟ್ರು ಎರಡೂ ಕಿರುಬೆರಳನ್ನು ಎತ್ತಿ ತೋರಿಸಿದರು. ಗುಮಾಸ್ತರು ಕಣ್ಣು ಮುಚ್ಚಿ, ಏನಾಗುವುದೋ ಆಗಿಹೋಗಲೆಂದು ಎಡ, ಬಲ, ಸಾಲು ಮುಗಿಸಿದರು.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಗೋಡೆಯಾಚೆ ಪ್ರಿಂಟರ್ ಗರ್ ಎಂದಿತು. ಇಡೀ ಕೋಣೆ ಚಪ್ಪಾಳೆಯಿಂದ ತುಂಬಿತು, ಮೀಟರ್ ಓದುವವರು ಟೊಪ್ಪಿಗೆ ಮೇಲಕ್ಕೆಸೆದರು. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದವರು ಗುಮಾಸ್ತರೇ.

ಅತ್ತೆ ಬೆಳಕನ್ನು ಏರಿಸಿದರು. ಗದ್ದಲವೆಲ್ಲ ಅಡಗುವವರೆಗೆ ಕಾದು, ಅಳಿಯನನ್ನು ಕುರ್ಚಿಯಿಂದ ಎಬ್ಬಿಸಿ, ಒಂದೊಂದೇ ಅಕ್ಷರವಾಗಿ ತಾವು ಬರೆದ ಕೊನೆಯ ವಾಕ್ಯವನ್ನು ಅಳಿಸಿಹಾಕಿದರು. ಬೆಳಗಿನಿಂದ ಸಂಜೆಯವರೆಗೆ ಪಟ್ಟ ಪಾಡಿಗೆಲ್ಲ ಹನ್ನೊಂದನೆಯ ಅಧ್ಯಾಯದಿಂದ ಗುಮಾಸ್ತರಿಗೆ ತೆಗೆಸಲು ಸಾಧ್ಯವಾದದ್ದು ಆ ಒಂದು ವಾಕ್ಯ ಮಾತ್ರ.